ಗ್ಯಾರೇಜಿನ ಮೇಲಿನ ಅಭಿನಂದನೆ

ತನಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಎಂಬ ಸುದ್ದಿ ಜೆರಿಕ್ ಕಟಕುಟಾನ್‌ಗೆ ಗೊತ್ತಾದದ್ದು ತನ್ನ ಮನೆಯ ಗ್ಯಾರೇಜಿನ ಬಾಗಿಲಿನಿಂದ. ಬೆಳಿಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದವನಿಗೆ ಇಡೀ ಬಾಗಿಲನ್ನು ಮುಚ್ಚಿದ್ದ ಒಂದು ಫ್ಲೆಕ್ಸ್ ಕಾಣಿಸಿತು. ಅದರ ನಡುವೆ ಅವನದೇ ಮುಖ, ಲಾರಿಯ ಚಕ್ರದಷ್ಟು ಅಗಲ. ಕುತ್ತಿಗೆಗೆ ಕಂಪ್ಯೂಟರಿನಲ್ಲಿ ಒಂದು ಸ್ಟೆತಸ್ಕೋಪ್ ತೊಡಿಸಿದ್ದರು. ಕೆಳಗೆ ‘ನಮ್ಮ ಹೆಮ್ಮೆಯ ನರ್ಸ್ ಜೆರಿಕ್‌ಗೆ ಅಭಿನಂದನೆಗಳು, ದೇವರಿಗೆ ಸ್ತೋತ್ರ’ ಎಂದು ಬರೆದಿತ್ತು.

ಇದರಲ್ಲಿ ಒಂದೇ ಒಂದು ತೊಡಕಿತ್ತು. ಆ ಸೀಟಿನ ಸಂದರ್ಶನ ನಡೆಯಬೇಕಾಗಿದ್ದದ್ದು ಅಂದು ಹನ್ನೊಂದು ಗಂಟೆಗೆ.

ವಲೇಹೊ ಊರಿನ ಆ ಬೀದಿಯಲ್ಲಿ ಮಕ್ಕಳು ಏನು ಪಾಸಾದರೂ ಫ್ಲೆಕ್ಸ್ ಏಳುವುದು ವಾಡಿಕೆ. ಮನಿಲಾದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಸಂಸಾರಗಳು ಹಾಡಿನ ಮೈಕು, ಅನ್ನದ ಕುಕ್ಕರುಗಳ ಜೊತೆ ಈ ಪದ್ಧತಿಯನ್ನೂ ಗಂಟು ಕಟ್ಟಿಕೊಂಡು ಬಂದಿದ್ದವು. ಆದರೆ ಪಾಸಾಗುವ ಮೊದಲೇ ಫ್ಲೆಕ್ಸ್ ಹಾಕಿಸಿದ ಕೀರ್ತಿ ಜೆರಿಕ್‌ನ ತಾಯಿ ಲುಜ್ವಿಮಿಂದಾ ಒಬ್ಬಳಿಗೇ ಸಲ್ಲಬೇಕು.

“ಅಮ್ಮಾ, ಇನ್ನೂ ಇಂಟರ್‌ವ್ಯೂನೇ ಆಗಿಲ್ಲ,” ಎಂದ ಜೆರಿಕ್, ಬಾಯಲ್ಲಿ ನೊರೆ ಇಟ್ಟುಕೊಂಡೇ.

“ಇವತ್ತು ಆಗುತ್ತಲ್ಲ.”

“ಸೀಟು ಕೊಡದೆ ಇದ್ರೆ?”

“ಕೊಡದೆ ಏನ್ ಮಾಡ್ತಾರೆ? ಫ್ಲೆಕ್ಸ್ ಹಾಕಿ ಆಗಿದೆ. ಪ್ರಿಂಟಿಂಗ್‌ನವನು ಒಂದು ಮಾಡ್ಸಿದ್ರೆ ಒಂದು ಫ್ರೀ ಅಂದ. ಇನ್ನೊಂದನ್ನ ಚರ್ಚ್ ಎದುರಿಗೆ ಕಟ್ಸಿದೀನಿ. ಸಂಜೆಗೆ ಇಡೀ ಹಂದಿ ಸುಡೋಕೆ ಹೇಳಿದೀನಿ, ಜನರನ್ನೂ ಕರೆದಿದೀನಿ. ಬಾಯಿ ತೊಳ್ಕೊ ಹೋಗು.”

ಜೆರಿಕ್‌ನ ಬಿ.ಎ. ಪದವಿಯ ಜಿಪಿಎ ನಾಲ್ಕಕ್ಕೆ ಎರಡು ಪಾಯಿಂಟ್ ಮೂರು. ಅವನು ಸೇರಬೇಕೆಂದಿದ್ದ ಕೋರ್ಸು, ಬೇರೆ ಪದವಿ ಇದ್ದವರಿಗೆ ಒಂದೇ ವರ್ಷದಲ್ಲಿ ಎಲ್ಲವನ್ನೂ ಅರೆದು ಕುಡಿಸಿ ನರ್ಸ್ ಮಾಡಿ ಹೊರಗೆ ಕಳಿಸುವ ಅವಸರದ ಕೋರ್ಸು. ಮೂರಕ್ಕಿಂತ ಕಡಿಮೆ ಇದ್ದವರ ಅರ್ಜಿಯನ್ನು ಅಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಅಕ್ಕಪಕ್ಕದ ಕಾಲೇಜುಗಳೆಲ್ಲ ಅವನಿಗೆ ಸಂತಾಪಸೂಚಕ ಪತ್ರ ಬರೆದಾಗಿತ್ತು. ಗುಡ್ಡದ ಮೇಲಿನ ಒಂದು ಕಾಲೇಜು ಮಾತ್ರ ‘ನಾವು ಅಂಕ ನೋಡುವುದಿಲ್ಲ, ಇಡೀ ಮನುಷ್ಯನನ್ನು ನೋಡುತ್ತೇವೆ’ ಎಂದು ಹೇಳಿಕೊಂಡಿತ್ತು. ಇಡೀ ಮನುಷ್ಯನನ್ನು ನೋಡುವುದು ಶ್ರಮದ ಕೆಲಸವಾದ್ದರಿಂದ ಅರ್ಜಿ ಶುಲ್ಕ ಸ್ವಲ್ಪ ಜಾಸ್ತಿ ಇತ್ತು.

ಕಟಕುಟಾನ್ ವಂಶದಲ್ಲಿ ನರ್ಸ್ ಆಗದೆ ಉಳಿದವರು ಇಬ್ಬರೇ, ಜೆರಿಕ್ ಮತ್ತು ಅವನಪ್ಪ ರೊಡೆಲ್. ರೊಡೆಲ್ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದರಿಂದ ಅವನಿಗೆ ಕ್ಷಮೆ ಸಿಕ್ಕಿತ್ತು. ಮಾಲ್‌ನಲ್ಲಿ ಮೊಬೈಲ್ ಕವರ್ ಮಾರುವ ಇಪ್ಪತ್ತೆಂಟರ ಮಗನಿಗೆ ಸಿಕ್ಕಿರಲಿಲ್ಲ. ಲುಜ್ವಿಮಿಂದಾ ಹೋದ ತಿಂಗಳಷ್ಟೇ ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಕೆಲಸದಿಂದ ನಿವೃತ್ತಳಾಗಿದ್ದಳು. ಅಂದಿನಿಂದ ಮನೆಯೇ ವಾರ್ಡಾಗಿತ್ತು. ರೊಡೆಲ್ ನಿದ್ದೆ ಹೋದರೆ ಎಬ್ಬಿಸಿ ಜ್ವರ ನೋಡುತ್ತಿದ್ದಳು, ಎದ್ದರೆ ಯಾಕೆ ಎದ್ದೆ ಎಂದು ಕೇಳುತ್ತಿದ್ದಳು. ಆ ಮನುಷ್ಯ ಒಂದು ತಿಂಗಳಲ್ಲಿ ಹತ್ತು ವರ್ಷ ಹೆಚ್ಚಿಗೆ ಮುದುಕನಾಗಿದ್ದ.

ತಮಾಷೆಯೆಂದರೆ ಜೆರಿಕ್‌ಗೆ ಆ ಸೀಟು ನಿಜವಾಗಿಯೂ ಬೇಕಿತ್ತು. ಹೋದ ವರ್ಷ ಅಪ್ಪನ ಎದೆ ಕೊಯ್ದಾಗ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಅವನು ಒಬ್ಬ ನರ್ಸನ್ನು ನೋಡಿದ್ದ. ಆ ದಪ್ಪ ಮೀಸೆಯ ಆಸಾಮಿ ಅಪ್ಪನ ತುಟಿಗೆ ಚಮಚದಲ್ಲಿ ನೀರು ಮುಟ್ಟಿಸುತ್ತಾ, ಅಪ್ಪನ ಹಳಸಲು ಜೋಕುಗಳಿಗೆಲ್ಲ ಮೊದಲ ಸಲ ಕೇಳುವವನಂತೆ ನಗುತ್ತಿದ್ದ. ತನ್ನಿಂದಲೂ ಇದು ಆದೀತು ಎಂದು ಜೆರಿಕ್‌ಗೆ ಅವತ್ತು ಅನಿಸಿತ್ತು. ಜೀವನದಲ್ಲಿ ಅವನಿಗೆ ಹಾಗೆ ಅನಿಸಿದ್ದು ಅದೊಂದೇ ಸಲ. ಅಮ್ಮನಿಗೆ ಹೇಳಿದರೆ ಅದಕ್ಕೂ ಫ್ಲೆಕ್ಸ್ ಹಾಕಿಸಿಯಾಳೆಂದು ಯಾರಿಗೂ ಹೇಳಿರಲಿಲ್ಲ.

ಬಾಯಿ ತೊಳೆದು ಬರುವಷ್ಟರಲ್ಲಿ ಎದುರು ಮನೆಯ ಟೀಟಾ ಚೋನಾ ಅಡುಗೆಮನೆಯಲ್ಲಿ ಕೂತಿದ್ದಳು. ಆಕೆ ರಕ್ತಸಂಬಂಧಿಯಲ್ಲ. ಆದರೆ ಅಮ್ಮನ ಗೆಳತಿಯರೆಲ್ಲ ಆ ಬೀದಿಯ ಮಕ್ಕಳಿಗೆ ಟೀಟಾಗಳೇ, ಹುಟ್ಟಿದಾಗಿನಿಂದ ಚಿಕ್ಕಮ್ಮಂದಿರು. ಅವಳ ಪಕ್ಕದಲ್ಲಿ ಅವಳ ಮಗ ಎಡ್ಸೆಲ್ ಇಸ್ತ್ರಿ ಮಾಡಿದ ಸೂಟಿನೊಳಗೆ ಮಂಕಾಗಿ ನಿಂತಿದ್ದ. ಅವನಿಗೂ ಅವತ್ತೇ ಅದೇ ಸಂದರ್ಶನ. ಅವನ ಅಂಕ ಜೆರಿಕ್‌ನದಕ್ಕಿಂತಲೂ ಕೆಳಗೆ. ಆ ಒಂದು ಕಾರಣಕ್ಕೆ ಜೆರಿಕ್‌ಗೆ ಅವನ ಮೇಲೆ ತುಂಬ ಪ್ರೀತಿಯಿತ್ತು.

“ಅಂಕ ಯಾಕೆ ಕಡಿಮೆ ಅಂತ ಕೇಳೇ ಕೇಳ್ತಾರೆ,” ಎಂದಳು ಟೀಟಾ ಚೋನಾ. “ಆಗ ಒಂದು ಕಷ್ಟ ಹೇಳ್ಬೇಕು. ಕಷ್ಟ ಇಲ್ದೆ ಇದ್ರೆ ಈ ದೇಶದಲ್ಲಿ ಕಡಿಮೆ ಅಂಕದವರಿಗೆ ಸೀಟಿಲ್ಲ.”

“ನನಗೆ ಕಷ್ಟ ಏನೂ ಇರ್ಲಿಲ್ಲ ಟೀಟಾ. ವಿಡಿಯೋ ಗೇಮ್ ಆಡ್ತಿದ್ದೆ.”

“ಹಾಗೇ ಹೇಳು, ಉದ್ಧಾರ ಆಗ್ತೀಯ. ನಿಮ್ಮಜ್ಜಿ ತೀರ್ಕೊಂಡ್ರಲ್ಲ?”

“ಆಗ ನನಗೆ ನಾಲ್ಕು ವರ್ಷ.”

“ತಾರೀಖು ಯಾರು ಕೇಳ್ತಾರೆ? ತೀರ್ಕೊಂಡಿದ್ದು ನಿಜ ತಾನೆ? ಕಾಲೇಜಲ್ಲಿದ್ದಾಗ ಅವರನ್ನ ನೆನೆಸ್ಕೊಂಡು ಓದಕ್ಕಾಗ್ಲಿಲ್ಲ ಅನ್ನು. ಧ್ವನಿ ಒಂಚೂರು ನಡುಗ್ಲಿ.”

“ಎಡ್ಸೆಲ್ ಏನು ಹೇಳ್ತಾನೆ?”

“ಅವನಿಗೆ ಚಂಡಮಾರುತ ಕೊಟ್ಟಿದೀನಿ. ಮನೆ ಕೊಚ್ಕೊಂಡು ಹೋಯ್ತು.”

ಎಡ್ಸೆಲ್ ಹುಟ್ಟಿದ್ದು, ಬೆಳೆದದ್ದು, ಒಮ್ಮೆಯೂ ಮಳೆಯಲ್ಲಿ ಸರಿಯಾಗಿ ನೆನೆಯದೆ ಉಳಿದದ್ದು ಎಲ್ಲವೂ ವಲೇಹೊದಲ್ಲೇ. ಅವನು ನಾಚಿಕೆಯಿಂದ ನೆಲ ನೋಡಿದ.

ಹೊರಡುವಾಗ ಇಬ್ಬರು ತಾಯಂದಿರೂ ವ್ಯಾನಿನಲ್ಲಿ ಮೊದಲೇ ಕೂತಿದ್ದರು. ಬರಬೇಡಿ ಎನ್ನಲು ಜೆರಿಕ್ ಬಾಯಿ ತೆರೆದ. ಅಷ್ಟರಲ್ಲಿ ಅವನ ತೊಡೆಯ ಮೇಲೆ ಒಂದು ದೊಡ್ಡ ಅಲ್ಯೂಮಿನಿಯಂ ತಟ್ಟೆ ಬಂದು ಕೂತಿತು. ಅದರಲ್ಲಿ ಪಾನ್ಸಿತ್, ಅಂದರೆ ಬೆಳ್ಳುಳ್ಳಿ ಘಮಘಮಿಸುವ ಬಿಸಿ ಶಾವಿಗೆ.

“ಇದು ಯಾರಿಗಮ್ಮಾ?”

“ಸಂದರ್ಶನ ಮಾಡೋರು ಹೊಟ್ಟೆಗೆ ಏನಾದ್ರೂ ತಿನ್ಬೇಕಲ್ಲ. ಬರಿಗೈಲಿ ಹೋಗೋಕೆ ನಾವೇನು ಪೊಲೀಸ್ನೋರಾ?”

ಗುಡ್ಡದ ತಿರುವಿನಲ್ಲಿ ಟೀಟಾ ಚೋನಾ ಒಂದು ನಾಯಿಯನ್ನು ಉಳಿಸಲು ಬ್ರೇಕ್ ಹಾಕಿದಳು. ನಾಯಿ ಉಳಿಯಿತು. ತಟ್ಟೆಯ ಮುಚ್ಚಳ ಹಾರಿ ಶಾವಿಗೆಯ ಒಂದು ಪಾಲು ಜೆರಿಕ್‌ನ ಕೋಟಿನ ಮೇಲೆ ಬಿತ್ತು. ಅಮ್ಮ ಅದನ್ನು ಕೈಯಿಂದಲೇ ಬಾಚಿ ಕಿಟಕಿಯಿಂದಾಚೆ ಎಸೆದು, ಏನೂ ಆಗಿಲ್ಲ, ಕಾಣಲ್ಲ ಎಂದು ತೀರ್ಪು ಕೊಟ್ಟಳು. ಕಾಣುತ್ತಿರಲಿಲ್ಲ, ನಿಜ. ಆದರೆ ಜೆರಿಕ್ ನಡೆದಲ್ಲೆಲ್ಲ ಒಂದು ಹೋಟೆಲು ಹಾದುಹೋದ ಹಾಗೆ ವಾಸನೆ ಬರುತ್ತಿತ್ತು.

ಕಾಲೇಜಿನ ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಮಂದಿ ಅಭ್ಯರ್ಥಿಗಳು ಕಪ್ಪು ಬಟ್ಟೆ ತೊಟ್ಟು ಸಾವಿನ ಮನೆಗೆ ಬಂದವರಂತೆ ಕೂತಿದ್ದರು. ಸಂದರ್ಶನದ ಮೊದಲ ಭಾಗದಲ್ಲಿ ಒಂದು ಸಣ್ಣ ಪರೀಕ್ಷೆ ಇದೆಯೆಂದು ಗುಮಾಸ್ತೆ ಹೇಳಿದಳು. ಒಳಗೆ ಒಬ್ಬ ರೋಗಿ ಕುರ್ಚಿಯಲ್ಲಿ ಕೂತಿರುತ್ತಾನೆ. ಅವನನ್ನು ಸಮಾಧಾನ ಮಾಡಿ ಎಬ್ಬಿಸಿ ಮಂಚಕ್ಕೆ ಮಲಗಿಸಬೇಕು. ಅವನು ನಿಜವಾದ ರೋಗಿಯಲ್ಲ, ದಿನಗೂಲಿಗೆ ನರಳುವ ನಾಟಕದವನು. ಇದು ಕಾಲೇಜುಗಳಲ್ಲಿ ಈಗ ಮಾಮೂಲು.

ಅಭ್ಯರ್ಥಿಗಳು ಗಾಬರಿಯಾಗಿ ಒಬ್ಬರನ್ನೊಬ್ಬರು ಎತ್ತಿ ಅಭ್ಯಾಸ ಮಾಡತೊಡಗಿದರು. ಲುಜ್ವಿಮಿಂದಾ ಸ್ವಲ್ಪ ಹೊತ್ತು ತುಟಿ ಕಚ್ಚಿಕೊಂಡು ಕೂತಿದ್ದಳು. ಒಬ್ಬ ಎತ್ತರದ ಹುಡುಗ ಇನ್ನೊಬ್ಬಳನ್ನು ಕಂಕುಳಿಗೆ ಕೈ ಹಾಕಿ ಎಳೆದದ್ದೇ ತಡ, ಅವಳ ನಿವೃತ್ತಿ ಮುಗಿಯಿತು.

“ಏ ಉದ್ದದೋನೆ, ನಿಲ್ಸು. ಅದೇನು ಅಕ್ಕಿ ಮೂಟೆನಾ? ಹಾಗೆ ಎತ್ತಿದ್ರೆ ರೋಗಿ ಎದ್ದೇಳೋದಕ್ಕಿಂತ ಮುಂಚೆ ನಿನ್ನ ಸೊಂಟ ಮಲಗುತ್ತೆ. ಎಲ್ಲಾ ಇಲ್ಲಿ ಬನ್ನಿ. ಜೆರಿಕ್, ಆ ಬೆಂಚಲ್ಲಿ ಕೂತ್ಕೊಂಡು ನರಳು.”

“ಅಮ್ಮಾ, ಇವರೆಲ್ಲ ನನ್ನ ಎದುರಾಳಿಗಳು.”

“ನರಳು ಅಂದೆ.”

ಜೆರಿಕ್ ನರಳಿದ. ಹುಟ್ಟಿದಾಗಿನಿಂದ ಆ ಧ್ವನಿಗೆ ಬಗ್ಗಿದ ದೇಹ ಅದು. ಮುಂದಿನ ಒಂದು ಗಂಟೆ ಪಡಸಾಲೆಯಲ್ಲಿದ್ದ ಪ್ರತಿಯೊಬ್ಬ ಎದುರಾಳಿಯೂ ಅವನನ್ನು ಬೆಂಚಿನಿಂದ ಎಬ್ಬಿಸಿ ಇನ್ನೊಂದು ಬೆಂಚಿಗೆ ಮಲಗಿಸಿದ. ಮೊಣಕಾಲು ಬಗ್ಗಿಸು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಹೆಸರು ಕೇಳು, ನೋವೆಲ್ಲಿ ಅಂತ ಕೇಳಿ ಉತ್ತರಕ್ಕೆ ಕಾಯಿ, ಎಂದು ಲುಜ್ವಿಮಿಂದಾ ಒಬ್ಬೊಬ್ಬರನ್ನೂ ತಿದ್ದಿದಳು. ಟೀಟಾ ಚೋನಾ ಮುಗಿಸಿದವರಿಗೆ ಕಾಗದದ ತಟ್ಟೆಯಲ್ಲಿ ಶಾವಿಗೆ ಹಾಕಿದಳು. ಚೆನ್ನಾಗಿ ಕಲಿತು, ಚೆನ್ನಾಗಿ ತಿಂದು, ಒಬ್ಬೊಬ್ಬರೂ ನಗುನಗುತ್ತಾ ಒಳಗೆ ಹೋಗಿ ನಗುನಗುತ್ತಾ ಹೊರಗೆ ಬಂದರು.

ಜೆರಿಕ್‌ನ ಸರದಿ ಬಂದಾಗ ಅವನಿಗೆ ಎತ್ತಿಸಿಕೊಳ್ಳುವುದು ಚೆನ್ನಾಗಿ ಬರುತ್ತಿತ್ತು, ಎತ್ತುವುದು ಬರುತ್ತಿರಲಿಲ್ಲ. ಒಳಗೆ ನಾಟಕದವನು ಅಯ್ಯಮ್ಮಾ ಎಂದು ನರಳಿದ ಕೂಡಲೆ ಅಭ್ಯಾಸಬಲದಿಂದ ಇವನೂ ಒಂದು ಸಲ ನರಳಿದ. ಆಮೇಲೆ ಎಚ್ಚೆತ್ತು ಆ ಭಾರಿ ದೇಹವನ್ನು ಅಪ್ಪಿ ಎಬ್ಬಿಸಿದ. ಅರ್ಧ ದಾರಿಯಲ್ಲಿ ಇಬ್ಬರೂ ನೆಲಕ್ಕೆ ಬಿದ್ದರು, ರೋಗಿ ಮೇಲೆ, ಜೆರಿಕ್ ಕೆಳಗೆ.

“ನಿಮಗೆ ಎಲ್ಲಿ ನೋವು?” ಎಂದು ಜೆರಿಕ್ ಕೆಳಗಿನಿಂದಲೇ ಕೇಳಿದ.

“ನನಗೇನಿಲ್ಲ,” ಎಂದ ನಾಟಕದವನು ಪಾತ್ರ ಮರೆತು. “ನೀನು ಯಾವ ಹೋಟ್ಲಲ್ಲಿ ತಿಂಡಿ ತಿಂದೆ?”

ಪಕ್ಕದ ಕೋಣೆಯಲ್ಲಿ ಡೀನ್ ವಿನಿಫ್ರೆಡ್ ಹಾಲ್ವರ್ಸನ್ ಕೂತಿದ್ದಳು. ಬೆಳ್ಳಿಗೂದಲಿನ, ಸುಲಭವಾಗಿ ಕಣ್ಣು ತುಂಬಿಕೊಳ್ಳುವ ಹೆಂಗಸು. ಅವಳು ಅಂದು ಬೆಳಿಗ್ಗೆಯಿಂದ ಮೂರು ಕ್ಯಾನ್ಸರು, ಎರಡು ವಿಚ್ಛೇದನ, ಒಂದು ಚಂಡಮಾರುತ ಕೇಳಿ ಸುಸ್ತಾಗಿದ್ದಳು.

“ನಿಮ್ಮ ಅಂಕದ ಬಗ್ಗೆ ಹೇಳ್ತೀರಾ?” ಎಂದಳು.

“ನಮ್ಮಜ್ಜಿ,” ಎಂದು ಶುರು ಮಾಡಿದ ಜೆರಿಕ್ ಧ್ವನಿ ನಡುಗಿಸಿ, ಕಣ್ಣೊರೆಸಿಕೊಳ್ಳಲು ಕೋಟಿನ ಜೇಬಿನಿಂದ ಕರವಸ್ತ್ರ ಎಳೆದ. ಕರವಸ್ತ್ರದ ಜೊತೆ ಒಂದು ಉದ್ದನೆಯ ಶಾವಿಗೆ ಹೊರಗೆ ಬಂತು. ಅದು ಬರುತ್ತಲೇ ಇತ್ತು. ಇಬ್ಬರೂ ಅದು ಮುಗಿಯುವವರೆಗೆ ಕಾದರು.

ಹಾಗೆ ಶಾವಿಗೆ ಹಿಡಿದುಕೊಂಡು ಸತ್ತ ಅಜ್ಜಿಯ ಬಗ್ಗೆ ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

“ಅಜ್ಜಿದೇನೂ ತಪ್ಪಿಲ್ಲ ಮೇಡಂ,” ಎಂದ. “ನಾನು ನಾಲ್ಕು ವರ್ಷ ವಿಡಿಯೋ ಗೇಮ್ ಆಡ್ದೆ. ಓದ್ಲಿಲ್ಲ. ಸೋಮಾರಿತನ, ಅಷ್ಟೆ.” ಆಮೇಲೆ ಅಪ್ಪನ ಆಪರೇಷನ್ನು, ಮೀಸೆಯ ನರ್ಸು, ಚಮಚದ ನೀರು ಎಲ್ಲ ತಾನಾಗಿಯೇ ಬಾಯಿಂದ ಬಂತು. ಹೇಳುತ್ತಾ ಹೇಳುತ್ತಾ ಧ್ವನಿ ನಡುಗಿತು. ಈ ಸಲ ಅವನು ನಡುಗಿಸಿರಲಿಲ್ಲ.

ಡೀನ್ ಕನ್ನಡಕ ತೆಗೆದಳು. “ಇವತ್ತು ನಾನು ಕೇಳಿದ ಮೊದಲನೇ ನಿಜ ಇದು. ನಿಮ್ಮಂಥವರು ನಮಗೆ ಬೇಕು. ಆದ್ರೆ ಸೀಟಿಲ್ಲ.”

“ಇಲ್ವಾ?”

“ಕಾಯೋರ ಸಾಲಲ್ಲಿ ಮೊದಲನೇ ಹೆಸರು ನಿಮ್ಮದು ಬರೀತೀನಿ. ಏನ್ ಮಾಡ್ಲಿ, ಪಾಠ ಮಾಡೋರೇ ಸಿಗ್ತಿಲ್ಲ. ಒಬ್ಬ ಟೀಚರ್‌ಗೆ ಹತ್ತೇ ಜನ ಅಂತ ಕಾನೂನು. ಇನ್ನೊಬ್ಬರು ಸಿಕ್ಕಿದ್ರೆ ನಾಳೆನೇ ಹತ್ತು ಸೀಟು ತೆಗೀತೀನಿ.”

ಜೆರಿಕ್‌ನ ತಲೆಯಲ್ಲಿ, ಬಹುಶಃ ಅವನು ಹುಟ್ಟಿದ ಮೇಲೆ ಮೊದಲ ಬಾರಿಗೆ, ಒಂದು ಉಪಾಯ ಹೊಳೆಯಿತು. ಅವನು ಎದ್ದು ಹೋಗಿ ಬಾಗಿಲು ತೆರೆದ. ಪಡಸಾಲೆಯಲ್ಲಿ ಲುಜ್ವಿಮಿಂದಾ ಗುಮಾಸ್ತೆಯನ್ನು ಬೆಂಚಿನ ಮೇಲೆ ಮಲಗಿಸಿ ಮಗ್ಗುಲು ಬದಲಿಸುವುದನ್ನು ತೋರಿಸುತ್ತಿದ್ದಳು. ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

“ಇವತ್ತು ಬಂದವರೆಲ್ಲ ಅಷ್ಟು ಚೆನ್ನಾಗಿ ಮಾಡಿದ್ದು ಇವರಿಂದಾನಾ?” ಎಂದು ಡೀನ್ ಪಿಸುಗುಟ್ಟಿದಳು.

“ನಮ್ಮಮ್ಮ ಮೇಡಂ. ಎಂ.ಎಸ್ಸಿ ಮಾಡಿದಾಳೆ, ಹೆಡ್ ನರ್ಸ್ ಆಗಿದ್ಲು. ಈಗ ರಿಟೈರ್ ಆಗಿ ಮನೇಲಿದಾಳೆ. ಅವಳನ್ನ ತಗೊಳ್ಳಿ. ನಾಳೆನೇ ತಗೊಳ್ಳಿ.”

ಡೀನ್ ಅವನ ಎರಡೂ ಕೈ ಹಿಡಿದುಕೊಂಡಳು. “ಇದರ ಅರ್ಥ ಏನು ಅಂತ ಯೋಚನೆ ಮಾಡಿ ಹೇಳ್ತಿದೀರಾ?”

“ಚೆನ್ನಾಗಿ ಯೋಚನೆ ಮಾಡಿದೀನಿ ಮೇಡಂ.”

“ಎಂಥಾ ಮನಸ್ಸಪ್ಪ ನಿಮ್ಮದು,” ಎಂದ ಡೀನ್‌ಳ ಕಣ್ಣಿಂದ ನೀರು ಇಳಿಯಿತು. ಜೆರಿಕ್‌ಗೆ ತನ್ನ ಬುದ್ಧಿವಂತಿಕೆ ಇಷ್ಟೊಂದು ಮನ ಕಲಕುವಂಥದ್ದೆಂದು ಗೊತ್ತಿರಲಿಲ್ಲ.

ಸಂಜೆ ಗ್ಯಾರೇಜಿನ ಮುಂದೆ ಇಡೀ ಬೀದಿ ನೆರೆದಿತ್ತು. ಮೇಜಿನ ಮೇಲೆ ಕೆಂಪಗೆ ಸುಟ್ಟ ಹಂದಿ ಮಲಗಿತ್ತು. ರೊಡೆಲ್ ಹಾಡಿನ ಮೈಕು ಹಿಡಿದು ಹಳೆಯ ಪ್ರೇಮಗೀತೆಯೊಂದನ್ನು ಕೊಲ್ಲುತ್ತಿದ್ದ. ಎಲ್ಲರೂ ಜೆರಿಕ್‌ನ ಬೆನ್ನು ತಟ್ಟಿ, ಬರುವ ವರ್ಷ ಅವನಿಂದ ಮಾಡಿಸಿಕೊಳ್ಳಬೇಕಾದ ಇಂಜೆಕ್ಷನ್ನುಗಳನ್ನು ಈಗಲೇ ಗೊತ್ತುಮಾಡಿಕೊಳ್ಳುತ್ತಿದ್ದರು. ಅವನು ಮೊದಲ ಸಲ ಅಂಜದೆ ಫ್ಲೆಕ್ಸಿನ ಕೆಳಗೆ ನಿಂತ. ತನ್ನ ಮುಖ ಅಷ್ಟೇನೂ ಕೆಟ್ಟದಾಗಿಲ್ಲ ಅನಿಸಿತು.

ಅಷ್ಟು ಹೊತ್ತಿಗೆ ಡೀನ್‌ಳ ಕಾರು ಬಂತು. ಲುಜ್ವಿಮಿಂದಾ ಮಧ್ಯಾಹ್ನವೇ ಅವಳನ್ನು ಹಂದಿಗೆ ಆಹ್ವಾನಿಸಿದ್ದಳು. ಡೀನ್ ರೊಡೆಲ್‌ನ ಕೈಯಿಂದ ಮೈಕು ತೆಗೆದುಕೊಂಡಳು. ಆ ಒಂದು ಕೆಲಸಕ್ಕೇ ಅವಳಿಗೆ ಚಪ್ಪಾಳೆ ಬಿತ್ತು.

“ಲುಜ್ವಿಮಿಂದಾ ಮೇಡಂ ಸೋಮವಾರದಿಂದ ನಮ್ಮ ಕಾಲೇಜಿನ ಟೀಚರ್,” ಎಂದಳು. ಬೀದಿ ಕೂಗಿ ಕುಣಿಯಿತು. “ಇದರಿಂದ ಹತ್ತು ಸೀಟು ಹೆಚ್ಚಿಗೆ ಆಗಿದೆ. ಸಾಲಲ್ಲಿದ್ದ ಹತ್ತನೇ ಹುಡುಗ ಎಡ್ಸೆಲ್‌ಗೂ ಸಿಕ್ತು.” ಟೀಟಾ ಚೋನಾ ಮಗನನ್ನು ಅಪ್ಪಿ ಅತ್ತಳು. ಚಂಡಮಾರುತ ಫಲ ಕೊಟ್ಟಿತ್ತು.

ಜೆರಿಕ್ ಬೆರಳೆಣಿಸಿದ. “ಮೇಡಂ, ಹತ್ತನೆಯವನು ಎಡ್ಸೆಲ್ ಅಂದ್ರೆ ಮೊದಲನೆಯವನು ನಾನು ಅಲ್ವಾ?”

ಡೀನ್ ಮೈಕಿನಲ್ಲೇ ಗಂಟಲು ಸರಿಮಾಡಿಕೊಂಡಳು. “ಇವರ ದೊಡ್ಡತನ ನಿಮಗೆಲ್ಲ ಗೊತ್ತಾಗ್ಬೇಕು. ಟೀಚರ್ ಮಕ್ಕಳಿಗೆ ಅದೇ ಕೋರ್ಸಲ್ಲಿ ಸೀಟಿಲ್ಲ ಅಂತ ನಮ್ಮಲ್ಲಿ ನಿಯಮ ಇದೆ. ಅದು ಗೊತ್ತಿದ್ದೂ ಈ ಹುಡುಗ ಅಮ್ಮನನ್ನ ನಮಗೆ ಕೊಟ್ಟ, ತನ್ನ ಸೀಟು ಬಿಟ್ಟ. ಕಮಿಟೀಲಿ ಹೇಳ್ದಾಗ ಎಲ್ಲರೂ ಅತ್ತುಬಿಟ್ವಿ. ಇಂಥವನು ನರ್ಸ್ ಆಗ್ಬೇಕಿತ್ತು.”

ಲುಜ್ವಿಮಿಂದಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಮಗನನ್ನು ನೋಡಿದಳು. ಆ ನೋಟದಲ್ಲಿ ಹೆಡ್ ನರ್ಸ್ ಇರಲಿಲ್ಲ.

“ನಂಗೆ ಈ ನಿಯಮ ಗೊತ್ತಿರ್ಲಿಲ್ಲ ಕಂದಾ,” ಎಂದಳು ಮೆಲ್ಲಗೆ. “ನೀನು ಹೂಂ ಅನ್ನು, ಈಗಲೇ ಬೇಡ ಅಂತೀನಿ. ಇನ್ನೊಬ್ಬ ಟೀಚರ್ ಸಿಗೋವರೆಗೆ ಸಾಲಲ್ಲಿ ಮೊದಲನೇ ಹೆಸರು ನಿಂದೇ ಇರುತ್ತೆ.”

ಜೆರಿಕ್ ಹೂಂ ಎನ್ನಲು ಬಾಯಿ ತೆರೆದ. ಅಮ್ಮನ ಬಲಕ್ಕೆ ಟೀಟಾ ಚೋನಾ ಎಡ್ಸೆಲ್‌ನನ್ನು ಎದೆಗವಚಿಕೊಂಡು, ಜೆರಿಕ್‌ನನ್ನೇ ನೋಡುತ್ತಿದ್ದಳು. ಅಮ್ಮನ ಬೆನ್ನ ಹಿಂದೆ ಅಪ್ಪ ನಿಂತಿದ್ದ. ಒಂದು ತಿಂಗಳಿಂದ ನೆಟ್ಟಗೆ ನಿದ್ದೆಯಿಲ್ಲದ ಆ ಮುಖ, ಎದೆಯ ಮೇಲೆ ಹೊಲಿಗೆ ಹಾಕಿಸಿಕೊಂಡ ಆ ಮನುಷ್ಯ, ಎರಡೂ ಕೈ ಜೋಡಿಸಿ ಮಗನಿಗೆ ಬೇಡವೆಂದು ತಲೆಯಾಡಿಸುತ್ತಿದ್ದ. ಆಪರೇಷನ್ನಿನ ದಿನವೂ ಅವನು ಇಷ್ಟು ದೀನನಾಗಿ ಯಾರನ್ನೂ ಬೇಡಿಕೊಂಡಿರಲಿಲ್ಲ.

“ಬೇಡಮ್ಮಾ,” ಎಂದ ಜೆರಿಕ್. “ನೀನು ಹೋಗು.”

ಚಪ್ಪಾಳೆಯ ಸದ್ದಿಗೆ ನಾಯಿಗಳು ಬೊಗಳಿದವು. ಡೀನ್ ಮತ್ತೆ ಅತ್ತಳು. ರೊಡೆಲ್ ಮಗನ ಹಣೆಗೆ ಮುತ್ತಿಟ್ಟು, ತಟ್ಟೆ ತುಂಬ ಹಂದಿಯ ಗರಿಗರಿ ಚರ್ಮ ಹಾಕಿಕೊಟ್ಟ.

ಆಮೇಲೆ ಫ್ಲೆಕ್ಸಿನ ಪ್ರಶ್ನೆ ಬಂತು. ದುಡ್ಡು ಕೊಟ್ಟು ಮಾಡಿಸಿದ್ದನ್ನು ಬಿಸಾಡಲಾದೀತೆ? ಚರ್ಚಿನ ಎದುರಿನದನ್ನು ಟೀಟಾ ಚೋನಾ ಅಂದೇ ಇಳಿಸಿ ತಂದು ಎಡ್ಸೆಲ್‌ನ ಹೆಸರು ಬರೆಸಿದಳು. ಗ್ಯಾರೇಜಿನದಕ್ಕೆ ರೊಡೆಲ್ ಏಣಿ ಹತ್ತಿ ಹೆಂಡತಿಯ ನಿವೃತ್ತಿಯ ದಿನದ ಫ್ಲೆಕ್ಸಿನಿಂದ ಕತ್ತರಿಸಿದ ಅವಳ ಫೋಟೋ ಅಂಟಿಸಿದ. ಮಗನ ಮುಖಕ್ಕಿಂತ ಅದು ಸ್ವಲ್ಪ ಚಿಕ್ಕದಿತ್ತು. ಹಾಗಾಗಿ ಲುಜ್ವಿಮಿಂದಾಳ ಮುಖದ ಎರಡೂ ಪಕ್ಕದಲ್ಲಿ ಜೆರಿಕ್‌ನ ಕಿವಿಗಳು ಹೊರಗೆ ಉಳಿದವು. ಬಾಡಿಗೆ ತೆತ್ತವರ ಹಾಗೆ ಅವು ಅಲ್ಲೇ ಇದ್ದವು.

ಜನ ಕರಗಿದ ಮೇಲೆ ಲುಜ್ವಿಮಿಂದಾ ಮಗನ ಪಕ್ಕದಲ್ಲಿ ಕೂತಳು.

“ಬೇಜಾರು ಮಾಡ್ಕೋಬೇಡ. ಡೀನ್ ಹತ್ರ ಮಾತಾಡಿ ನಿನಗೂ ಕಾಲೇಜಲ್ಲಿ ಒಂದು ಜಾಗ ಮಾಡ್ಸಿದೀನಿ. ಅಂಕ ಗಿಂಕ ಏನೂ ಕೇಳಲ್ಲ.”

ಜೆರಿಕ್‌ನ ಎದೆ ಒಂದು ಸಲ ಹಾರಿತು. “ಏನು ಜಾಗ?”

“ಆ ನಾಟಕದೋನು ಕೆಲಸ ಬಿಟ್ನಂತೆ. ನೀನು ಅವನ ಕೆಳಗೆ ಬಿದ್ದಾಗ ಅವನ ಸೊಂಟ ಉಳುಕಿದೆ. ಸೋಮವಾರದಿಂದ ನೀನೇ ರೋಗಿ. ಬೆಳಿಗ್ಗೆ ನಿನ್ನಷ್ಟು ಚೆನ್ನಾಗಿ ನರಳಿದೋರನ್ನ ಅವರು ಕಂಡೇ ಇಲ್ವಂತೆ. ಎಡ್ಸೆಲ್, ಬಾರೋ ಇಲ್ಲಿ. ಸೋಮವಾರದವರೆಗೆ ಯಾಕೆ ಕಾಯೋದು? ಇವನ ನಾಡಿ ಹಿಡಿದು ನೋಡು.”

ಎಡ್ಸೆಲ್ ಎಣ್ಣೆಗೈ ಒರೆಸಿಕೊಂಡು ಬಂದು, ಭಕ್ತಿಯಿಂದ ಜೆರಿಕ್‌ನ ಮಣಿಕಟ್ಟು ಹಿಡಿದು, ತುಂಬ ಹೊತ್ತು ಅಲ್ಲಲ್ಲಿ ಒತ್ತಿ ನೋಡಿದ.

“ಮೇಡಂ,” ಎಂದ ಕೊನೆಗೆ, “ಇವನಿಗೆ ನಾಡೀನೇ ಸಿಗ್ತಿಲ್ಲ.”

“ಇರುತ್ತೆ, ಹುಡುಕು,” ಎಂದಳು ಲುಜ್ವಿಮಿಂದಾ. “ಜೆರಿಕ್, ನೀನು ಸ್ವಲ್ಪ ನರಳು.”